ಬೆಳಗಿನ ಎಣಿಕೆ

ನೆಲಕ್ಕೆ ಹಸಿರು ಅಂಚಿದೆಯೇ — ಇದೆ, ಗೋಡೆಯ ಉದ್ದಕ್ಕೂ ಗೇಣಗಲದ ಹಸಿರು ಪಟ್ಟಿ, ಹನ್ನೊಂದು ವರ್ಷ ಇದೇ ಹೆಂಗಸರ ಬ್ಯಾರಕ್ಕಿಗೆ ಬೀಗ ಹಾಕಿ ತೆಗೆದರೂ ಕಣ್ಣಿಗೆ ಬಿದ್ದಿರಲಿಲ್ಲ, ಬೀಳುವುದಾದರೂ ಹೇಗೆ, ಮೂವತ್ತು ಜನರಿಗೆಂದು ಕಟ್ಟಿದ ಕೋಣೆಯಲ್ಲಿ ತೊಂಬತ್ತನಾಲ್ಕು ಜನ, ಅವರ ಚಾಪೆ, ಗಂಟು, ತಟ್ಟೆ, ಲೋಟ, ಒಬ್ಬಳು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕಿತ್ತು, ಬಾಗಿಲಿಂದ ಕಿಟಕಿಗೆ ಹೋಗಬೇಕೆಂದರೆ ಕಾಲು, ಕೈ, ಜಡೆ ಎಲ್ಲ ನೋಡಿಕೊಂಡು ಕುಂಟಾಟ ಆಡಿದ ಹಾಗೆ ಹೋಗಬೇಕಿತ್ತು. ಈಗ ಹಿರಿಯ ವಾರ್ಡರ್ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಾಳೆ, ಕೆಲಸವೇನೂ ಇಲ್ಲ, ನಡೆಯಲು ಜಾಗವಿದೆ ಎಂದಷ್ಟೇ, ಬೆಳಗಿನ ಎಣಿಕೆ ಮುಗಿದಿದೆ, ನಲವತ್ತೆರಡು, ಎಲ್ಲರೂ ಅಂಗಳದ ನಲ್ಲಿಯ ಹತ್ತಿರ ಇದ್ದಾರೆ, ಇಂದು ನಲ್ಲಿಗೆ ಜಗಳವಿಲ್ಲ. ಮೂವತ್ತಕ್ಕೆ ಇನ್ನೂ ಹನ್ನೆರಡು ಜಾಸ್ತಿಯೇ, ಆದರೂ ತೊಂಬತ್ತನಾಲ್ಕು ಕಂಡ ಕಣ್ಣಿಗೆ ಇದು ಬಯಲು. ಹೆಂಗಸರು ಹಿಂದಿನಿಂದ ತನ್ನನ್ನು ಎಣಿಕೆಯಮ್ಮ ಎನ್ನುತ್ತಾರೆಂದು ಅವಳಿಗೆ ಗೊತ್ತು, ಮನೆಯಲ್ಲಿ ಗಂಡನೂ ಬಿಡುವುದಿಲ್ಲ, ನಿನ್ನ ಕೈಗೆ ಸಿಕ್ಕರೆ ತಟ್ಟೆಯಲ್ಲಿರೋ ಬಟಾಣಿನೂ ಜೋಡಿ ಜೋಡಿಯಾಗಿ ಕೂರಬೇಕು ಕಣೆ ಅನ್ನುತ್ತಾನೆ, ಅದು ನಿಜವೇ, ಇಬ್ಬಿಬ್ಬರನ್ನು ಕುಕ್ಕರಗಾಲಲ್ಲಿ ಕೂರಿಸಿ, ಎರಡು, ನಾಲ್ಕು, ಆರು, ತಲೆ ಮಾತ್ರ, ಮುಖ ನೋಡುತ್ತ ಕೂತರೆ ಲೆಕ್ಕ ತಪ್ಪುತ್ತದೆ — ಹಾಗೆಂದು ಕೆಲಸ ಕಲಿಸಿದವಳೇ ಹೇಳಿಕೊಟ್ಟಿದ್ದಳು, ಇವಳೂ ಅದನ್ನೇ ನಂಬಿಕೊಂಡು ಬಂದಳು. ಹೊಸ ಬ್ಯಾರಕ್ ಬೇಕೆಂದು ಜೈಲಿನ ಸಾಹೇಬರು ವರ್ಷವರ್ಷವೂ ಬರೆದರು, ದುಡ್ಡಿಲ್ಲವೆಂಬ ಉತ್ತರ ವರ್ಷವರ್ಷವೂ ಬಂತು, ಕೋರ್ಟಿನವರ ಪಾಡೂ ಅದೇ, ಟೈಪಿಸ್ಟಿನ ಎರಡು ಹುದ್ದೆ ಖಾಲಿ, ಕೈದಿಗಳನ್ನು ಒಯ್ಯುವ ವ್ಯಾನು ಟೈರಿಲ್ಲದೆ ಇಟ್ಟಿಗೆ ಮೇಲೆ ನಿಂತಿತ್ತು, ವ್ಯಾನಿಲ್ಲದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಇನ್ನೊಂದು ತಾರೀಖು, ತೊಂಬತ್ತನಾಲ್ಕರಲ್ಲಿ ಶಿಕ್ಷೆ ಆಗಿದ್ದವರು ಹದಿನೇಳೇ ಜನ, ಉಳಿದವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದವರು. ಹೊಸದಾಗಿ ಬಂದ ನ್ಯಾಯಾಧೀಶರು ಸಭೆಯಲ್ಲಿ ಎಲ್ಲರ ದೂರು ಕೇಳಿ ಕನ್ನಡಕ ಒರೆಸಿಕೊಂಡು, ಇಲ್ಲದ್ದರ ಮಾತು ಸಾಕು, ಒಳಗಿರೋರು ಯಾಕೆ ಒಳಗಿದ್ದಾರೆ ಅಂತ ಒಬ್ಬೊಬ್ಬರನ್ನೇ ಯಾರಾದ್ರೂ ಕೇಳಿದ್ದೀರಾ ಎಂದರಂತೆ, ಯಾರೂ ಕೇಳಿರಲಿಲ್ಲ, ಮುಂದಿನ ಶನಿವಾರ ಕೋರ್ಟಿನ ಗುಮಾಸ್ತೆ ಸಿಟಿ ಬಸ್ಸಿನಲ್ಲಿ ಬಂದಿಳಿದಳು, ಸಣಕಲು ಹೆಂಗಸು, ಬಟ್ಟೆಚೀಲದ ತುಂಬ ಒಂದು ಬದಿ ಬಳಸಿದ ಹಾಳೆಗಳು, ಅವುಗಳ ಬೆನ್ನ ಮೇಲೆ ಬರೆಯುತ್ತ ಹೋದಳು, ಏನು ಕೇಸು, ಎಷ್ಟು ದಿನ, ಜಾಮೀನು ಕೇಳಿದ್ರಾ, ಯಾಕೆ ಹೋಗಿಲ್ಲ. ಆಗಲೇ ರಿಜಿಸ್ಟರ್ ಬೇಕೆಂದಳು. ತಂದುಕೊಟ್ಟವಳು ತಾನೇ.

ಆ ಸಾಲು, ಇಸ್ತ್ರಿ ಮಾಡುವ ಹೆಂಗಸಿನ ಹೆಸರಿನ ಮುಂದೆ, ಜಾಮೀನು ಮಂಜೂರಾಗಿದೆ, ಆಸ್ತಿ ಪತ್ರವಿರುವ ಇಬ್ಬರು ಜಾಮೀನುದಾರರು ಬೇಕು, ಹನ್ನೊಂದು ತಿಂಗಳ ಹಿಂದಿನ ತಾರೀಖು, ಅಕ್ಷರ ಇವಳದೇ, ಬಾಲ ಎಳೆದು ಬರೆಯುವ ಅಕ್ಷರ. ಯಾರದೋ ಮನೆಯ ಬಟ್ಟೆಯ ಗಂಟಿನಲ್ಲಿದ್ದ ಬಳೆ ಕಾಣೆಯಾಯಿತೆಂದು ಹಿಡಿದು ತಂದಿದ್ದರು, ಒಂದು ಬಳೆ. ಆ ದಿನ ಕಾಗದ ಬಂದಿತ್ತು, ಬರೆದುಕೊಂಡಳು, ಅಷ್ಟರಲ್ಲಿ ನಲ್ಲಿಯ ಹತ್ತಿರ ಹೊಡೆದಾಟ, ಓಡಿದಳು, ಹೇಳುವುದು ಮರೆತಳು, ಮರುದಿನ ಎಣಿಸಿದಳು, ಅದರ ಮರುದಿನವೂ, ಮುನ್ನೂರು ಚಿಲ್ಲರೆ ಬೆಳಗು ಆ ತಲೆಯನ್ನು ಎಣಿಸಿದಳು. ಗುಮಾಸ್ತೆ ಸಾಲಿನ ಕೆಳಗೆ ಬೆರಳಿಟ್ಟಳು, ಇವಳ ಮುಖ ನೋಡಿದಳು, ಬೆರಳು ತೆಗೆದಳು. ಇದನ್ನ ನಾನು ಬರೀಲೇಬೇಕು ಮೇಡಂ, ಆದ್ರೆ ಅರ್ಧ ಗಂಟೆ ಬೇರೆಯವರದ್ದು ಬರೀತಿರ್ತೀನಿ, ನೀವೇ ಮೊದಲು ಅವರಿಗೆ ಹೇಳಿದ್ರೆ ಒಳ್ಳೇದು. ಆ ಅರ್ಧ ಗಂಟೆಗೆ, ಪುಣ್ಯಾತ್ಗಿತ್ತಿ, ನಿನ್ನ ಹೊಟ್ಟೆ ತಣ್ಣಗಿರಲಿ, ಆಮೇಲೆ ಎಚ್ಚರಿಕೆ ಪತ್ರ ಬಂತು, ಬರಬೇಕಾದದ್ದೇ, ಅದಕ್ಕೆ ಸಂಕಟವಿಲ್ಲ, ಅರ್ಧ ಗಂಟೆ ಸಿಗದೆ ಹೋಗಿದ್ದರೆ ಉಳಿದ ನೌಕರಿಯೆಲ್ಲ ತಲೆ ತಗ್ಗಿಸಿಕೊಂಡೇ ಕಳೆಯಬೇಕಿತ್ತು. ಇಸ್ತ್ರಿಯವಳು ಅಂಗಳದಲ್ಲಿ ಯಾರದೋ ಒದ್ದೆ ಸೀರೆಯ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದಳು, ಅವಳಿಗೆ ಸುಕ್ಕು ಕಂಡರೆ ಆಗದು, ಇವಳು ಹೋಗಿ ಎದುರು ನಿಂತು, ನಿಂಗೆ ಜಾಮೀನು ಸಿಕ್ಕಿ ಹನ್ನೊಂದು ತಿಂಗಳಾಯ್ತಮ್ಮ, ಬರ್ಕೊಂಡೋಳು ನಾನೇ, ಹೇಳೋದು ಮರೆತೆ, ತಪ್ಪು ನಂದು ಎಂದಳು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕೈದಿಯೊಬ್ಬಳ ಮುಂದೆ ತಪ್ಪು ನಂದು ಎಂದದ್ದು ಅದೇ ಮೊದಲು. ಅವಳು ಅಳಲಿಲ್ಲ, ಬೈಯಲಿಲ್ಲ, ಅಂಗೈ ಸೀರೆಯ ಮೇಲೆ ನಿಂತಿತು. ಯಾವ ತಾರೀಖು ಮೇಡಂ ಅದು. ಇವಳು ಹೇಳಿದಳು. ಅವಳು ಬೆರಳು ಮಡಚಿ ಮಡಚಿ ನೋಡಿ, ಹಾಗಾದ್ರೆ ನನ್ ಮಗಳ ಮುಂದಿನ ಹಲ್ಲು ಇನ್ನೂ ಬಿದ್ದಿರ್ಲಿಲ್ಲ ಎಂದಳು, ಮತ್ತೆ ಸೀರೆ ತೀಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು, ನ್ಯಾಯಾಧೀಶರೇ ಜೈಲಿಗೆ ಬಂದರು, ವ್ಯಾನಿಲ್ಲದಿದ್ದರೆ ನನಗೆ ಕಾಲಿಲ್ವಾ ಎಂದು ನಕ್ಕು ಭೇಟಿಯ ಕೋಣೆಯಲ್ಲಿ ಅಡುಗೆಮನೆಯ ಮೇಜು ಹಾಕಿಸಿಕೊಂಡು ಕೂತರು, ಮೇಜಿಗೆ ಈರುಳ್ಳಿ ವಾಸನೆ, ಪಟ್ಟಿ ನೋಡಿ ಒಬ್ಬೊಬ್ಬರನ್ನೇ ಕರೆದರು, ಸಣ್ಣ ಕೇಸಿನವರು, ತಪ್ಪು ಸಾಬೀತಾದರೆ ಆಗುವ ಶಿಕ್ಷೆಗಿಂತ ಹೆಚ್ಚು ದಿನ ಆಗಲೇ ಒಳಗೆ ಕಳೆದವರು, ಜಾಮೀನು ಸಿಕ್ಕಿಯೂ ಜಾಮೀನುದಾರರಿಲ್ಲದವರು, ಜಾಮೀನುದಾರರು ಬೇಡ, ಸ್ವಂತ ಮುಚ್ಚಳಿಕೆ ಬರೆದುಕೊಟ್ಟು ಹೋಗಿ, ತಾರೀಖಿನ ಹಿಂದಿನ ದಿನ ಗುಮಾಸ್ತೆ ಫೋನ್ ಮಾಡಿ ನೆನಪಿಸ್ತಾರೆ, ಬನ್ನಿ, ಅಷ್ಟೇ ಎಂದರು. ಓಡಿಹೋಗ್ತಾರೆ ನೋಡ್ತಿರು ಎಂದಿದ್ದರು ಆಫೀಸಿನವರು, ಹೋದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ತಾರೀಖಿಗೆ ಸರಿಯಾಗಿ ಬರುತ್ತಿದ್ದಾರೆ. ಇನ್ನು ಮೇಲೆ ಜಾಮೀನಿನ ಕಾಗದ ಬಂದ ದಿನವೇ ಅವರೆದುರು ಗಟ್ಟಿಯಾಗಿ ಓದಿ, ಪ್ರತಿಯನ್ನು ಕೈಗೇ ಕೊಡಬೇಕು, ಓದುವವಳು ಇವಳೇ, ಯಾರೂ ಹೇಳದೆ ತಾನಾಗಿ ಕೇಳಿ ಪಡೆದ ಕೆಲಸ ಅದು, ಓದುವಾಗ ಮುಖ ನೋಡುತ್ತಾಳೆ, ಲೆಕ್ಕ ತಪ್ಪಿಲ್ಲ ಇಲ್ಲಿಯವರೆಗೆ. ಆ ದಿನ ಇಸ್ತ್ರಿಯವಳನ್ನು ಗೇಟಿನವರೆಗೆ ಕಳಿಸಿ ಬಂದವಳೂ ಇವಳೇ, ಗೇಟಿನಾಚೆ ಬಿಸಿಲಲ್ಲಿ ಆ ಇಬ್ಬರೂ — ಬೇಡ, ಅದು ಬೇಡ, ಹೋದ ವಾರದ್ದು ನೆನೆಯಬೇಕು, ಸಮವಸ್ತ್ರವನ್ನು ಚೀಲದಲ್ಲಿ ಹಾಕಿಕೊಂಡು ಅವಳ ಪೆಟ್ಟಿಗೆಯಂಗಡಿ ಹುಡುಕಿಕೊಂಡು ಹೋದದ್ದು, ಹೋಗಲೋ ಬೇಡವೋ ಎಂದು ಮೂರು ಸಲ ಆ ರಸ್ತೆಯ ಕೊನೆಯಿಂದ ತಿರುಗಿದ್ದು. ಅವಳು ಇಸ್ತ್ರಿಪೆಟ್ಟಿಗೆ ಇಳಿಸಿ, ಇದ್ದ ಒಂದೇ ಸ್ಟೂಲನ್ನು ಸೆರಗಿನಿಂದ ಒರೆಸಿ, ಕೂತ್ಕೊಳ್ಳಿ ಮೇಡಂ ಎಂದಳು, ಇವಳು ಕೂತಳು, ಎಷ್ಟು ಹೊತ್ತಾಗುತ್ತಮ್ಮ ಎಂದು ಬಾಯಿ ತಪ್ಪಿ ಕೇಳಿಬಿಟ್ಟಳು, ಅವಳು ಕಾಲರಿನ ಮೇಲೆ ನೀರು ಚಿಮುಕಿಸುತ್ತ, ಇರಿ, ಹನ್ನೊಂದು ತಿಂಗಳೇನೂ ಆಗಲ್ಲ ಎಂದಳು, ಎಂದು ನಕ್ಕಳು, ನಿಜವಾಗಿ ನಕ್ಕಳು, ಇವಳಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಕೆಂಡದ ಹೊಗೆಯೆಂದು ಒರೆಸಿಕೊಂಡಳು. ಅವಳು ಕ್ಷಮಿಸಬೇಕಾಗಿರಲಿಲ್ಲ, ಕ್ಷಮಿಸೆಂದು ಯಾರ ಆದೇಶವೂ ಇರಲಿಲ್ಲ, ಅದರ ಪ್ರತಿ ಯಾರ ಕೈಯಲ್ಲೂ ಇರಲಿಲ್ಲ, ಆದರೂ ತೋಳಿನ ಮಡಿಕೆ ಅಲಗಿನ ಹಾಗೆ ಬರುವವರೆಗೆ ಉಜ್ಜಿ ಕೊಟ್ಟಳು, ಮಗಳು ಪಕ್ಕದಲ್ಲಿ ಕಾಪಿ ಬರೆಯುತ್ತಿದ್ದಳು, ಹೊಸ ಹಲ್ಲು ಅರ್ಧ ಬಂದಿದೆ, ಆ ಮಗುವೇ, ಆ ದಿನ ಗೇಟಿನಾಚೆ ಅಜ್ಜಿಯ ಕೈ ಕೊಸರಿಕೊಂಡು ಓಡಿ ಬಂದ ಮಗು, ಅವಳಮ್ಮ ಚಿಕ್ಕ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋಗಿ, ಇನ್ನೇನು ಮಾಡಬೇಕೆಂದು ತಿಳಿಯದೆ ಹಿಂತಿರುಗಿ, ಇವಳನ್ನು ನೋಡಿದಳು, ನೋಡಿದ್ದೇ ತಡ ಅವಳ ಮಂಡಿ ತಾನಾಗಿ ಮಡಚಿಕೊಂಡಿತು, ಖಾಲಿ ರಸ್ತೆಯ ಅಂಚಿನಲ್ಲಿ, ಹಾಡಹಗಲಲ್ಲಿ, ಕುಕ್ಕರಗಾಲಲ್ಲಿ ಕೂತಳು, ಮಗು ಅಮ್ಮನ ಮುಖ ನೋಡಿತು, ಆಟವೆಂದುಕೊಂಡಿತೋ ಏನೋ, ತಾನೂ ಲಂಗ ಒತ್ತಿಕೊಂಡು ಪಕ್ಕದಲ್ಲಿ ಕೂತಿತು, ಜೋಡಿಯಾಗಿ, ಎರಡು ತಲೆ, ಎರಡು ಮುಖ, ತನ್ನ ಕಡೆಗೇ ಎತ್ತಿದ್ದು, ತುಟಿಯವರೆಗೆ ಬಂದ ಎರಡು ಎಂಬ ಮಾತನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಇವಳು, ಏಳಿ, ಏಳ್ರಮ್ಮ — ನೆನಪಿನಲ್ಲಿ ಅವರು ಏಳುವುದಿಲ್ಲ, ಬಿಸಿಲು, ರಸ್ತೆ, ಕುಕ್ಕರಗಾಲಲ್ಲಿ ತಾಯಿ, ಪಕ್ಕದಲ್ಲಿ ಮಗು, ಎಣಿಸಲೆಂದು ಕಾಯುತ್ತ