ಪದಕದ ಮೆತ್ತೆ

ಗುರುದೇವಕ್ಕ ಮಾತಾಡುವಾಗ ತುಟಿಗಳ ನಡುವೆ ಎರಡು ಗುಂಡುಸೂಜಿಗಳಿರುತ್ತವೆ. ಹಾಗಾಗಿ ಅವರ ಮಾತೆಲ್ಲ ದಾರ ಕತ್ತರಿಸಿದಷ್ಟು ಗಿಡ್ಡ. ಸೂಜಿಯಿಲ್ಲದ ಹೊತ್ತಿನಲ್ಲೂ, ಲಂಡನ್ನಿನ ಈಸ್ಟ್ ಹ್ಯಾಮಿನ ಸೀರೆ ಅಂಗಡಿಯಲ್ಲೋ ಬಡಾವಣೆಯ ಡಾಕ್ಟರರ ಎದುರಿನಲ್ಲೋ, ತುಟಿಯ ಎಡಮೂಲೆಯನ್ನು ಬಿಗಿಹಿಡಿದೇ ಮಾತಾಡುತ್ತಾರೆ. ತೀರಿಹೋದ ಗಂಡನ ಕಂದು ಕೋಟಿನ ತೋಳು ಮೊಟಕು ಮಾಡಿ ತಾವೇ ತೊಡುತ್ತಾರೆ. ಡಿಸ್ಟ್ರಿಕ್ಟ್ ಲೈನಿನ ರೈಲಿನಲ್ಲಿ ಯಾರೋ ಅಪರಿಚಿತರ ಗುಂಡಿ ಜೋತಾಡುತ್ತಿದ್ದರೆ ಅದರ ಮೇಲೆಯೇ ಕಣ್ಣು ನೆಟ್ಟು, ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ.

ಅವರ ಮನೆಯ ಮೇಲಿನ ಕೋಣೆಯಲ್ಲಿ ನನ್ನ ಬಾಡಿಗೆ ವಾಸ. ಧಾರವಾಡದ ಕಡೆಯವರಾದ ಅವರು ಇಪ್ಪತ್ತು ವರ್ಷಗಳಿಂದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಮಾರಂಭಗಳಿಗೆ ಬೇಕಾದ ಪಟ್ಟಿ, ಝಾಲರು, ಮೆತ್ತೆಗಳನ್ನು ಹೊಲಿಯುತ್ತಿದ್ದಾರೆ. ಕಳೆದ ವರ್ಷ, ಆರು ತಿಂಗಳು ಬಾಹ್ಯಾಕಾಶದಲ್ಲಿದ್ದು ಮರಳಿದ ನಾಲ್ವರಿಗೆ ಪಾರ್ಲಿಮೆಂಟಿನ ಪದಕ ಕೊಡಬೇಕೆಂದು ಎರಡೂ ಸದನಗಳು ಒಪ್ಪಿದವು. ಆ ಪದಕಗಳನ್ನು ಹೊತ್ತು ತರುವ ನಾಲ್ಕು ನೀಲಿ ಮಖಮಲ್ಲಿನ ಮೆತ್ತೆಗಳು ಗುರುದೇವಕ್ಕನ ಪಾಲಿಗೆ ಬಂದವು. ಒಂದು ಹೊಲಿಗೆ ಕೂದಲೆಳೆಯಷ್ಟು ಸರಿದರೂ ಬಿಚ್ಚಿ, ಮತ್ತೆ ಹೊಲಿದು, ಹನ್ನೊಂದು ದಿನ ಆ ಮೆತ್ತೆಗಳ ಮೇಲೆಯೇ ಬಾಗಿ ಕೂತರು.

ಮೆತ್ತೆಗಳು ಹೋದ ಮೂರನೆಯ ದಿನಕ್ಕೆ ತಿರುಗಿ ಬಂದವು. ಭದ್ರತೆಯ ಯಂತ್ರದಲ್ಲಿ ಹಾಯಿಸಿದಾಗ ಪ್ರತಿ ಮೆತ್ತೆಯ ಒಂದು ಮೂಲೆಯಲ್ಲಿ ಐದೈದು ಚುಕ್ಕೆಗಳು ಕಂಡವಂತೆ.

ಅವು ಜೋಳದ ಕಾಳುಗಳು. ಅವರ ಊರಿನಲ್ಲಿ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಚೂರು ರೊಟ್ಟಿಯನ್ನೋ ಒಂದಿಷ್ಟು ಕಾಳನ್ನೋ ಇಟ್ಟು ಮುಚ್ಚುತ್ತಾರೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡದು ಎಂಬ ನಂಬಿಕೆ. ಇಪ್ಪತ್ತು ವರ್ಷ ಹೊಲಿದ ಪ್ರತಿ ಮೆತ್ತೆಗೂ ಅವರು ಹೀಗೆಯೇ ಹೊಟ್ಟೆ ತುಂಬಿಸಿ ಕಳಿಸಿದ್ದರೆಂಬುದು ಕಾರ್ಖಾನೆಗೆ ತಿಳಿದದ್ದು ಅಂದೇ. ಮರುದಿನ ಬೆಳಿಗ್ಗೆಯೊಳಗೆ ಕಾಳು ತೆಗೆದುಕೊಡಬೇಕು, ಇಲ್ಲವಾದರೆ ಮೆತ್ತೆ ಬೇರೆಯವರು ಹೊಲಿಯುತ್ತಾರೆ, ಗುರುದೇವಕ್ಕನೂ ಬರಬೇಕಾಗಿಲ್ಲ ಎಂದು ಮೇಲ್ವಿಚಾರಕಿ ಹೇಳಿ ಕಳಿಸಿದಳು.

ಮಗ ಶರಣಬಸವನಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಪಾರ್ಲಿಮೆಂಟಿಗೆ ಜ್ವಾಳಾ ಸ್ಮಗಲ್ ಮಾಡಿದ್ಯಲ್ಲ ನೀ."

"ನಗು ನಗು. ನಿನ್ನ ತೊಟ್ಟಿಲದ ಕೌದ್ಯಾಗೂ ಇಟ್ಟಿದ್ದೆ."

"ತೆಗೆದರೆ ಏನಾಗುತ್ತದೆ ಅಕ್ಕಾ?" ಎಂದು ನಾನು ಕೇಳಿದೆ.

"ಏನೂ ಆಗೂದಿಲ್ಲ ತಂಗಿ. ಆರ್ ತಿಂಗ್ಳ ನೆಲಾ ಕಾಣದೆ ಬಂದವ್ರವಾ ಅವ್ರು. ಅವ್ರ ಮುಂದ ಬರೇ ಹೊಟ್ಟೀಲೆ ಹೋಗ್ತಾವ ನನ್ನ ಮೆತ್ತಿ, ಅಷ್ಟ."

ಅಡುಗೆಮನೆಯ ಮೇಜಿನ ಮೇಲೆ ನಾಲ್ಕೂ ಮೆತ್ತೆಗಳ ಆ ಮೂಲೆ ಬಿಚ್ಚಿ, ಇಪ್ಪತ್ತು ಕಾಳು ಅಂಗೈಗೆ ತೆಗೆದುಕೊಂಡು, ಬಿಚ್ಚಿದ ಗುರುತೇ ಕಾಣದಂತೆ ಮತ್ತೆ ಹೊಲಿದರು. ಬೆಳಿಗ್ಗೆ ಮೆತ್ತೆಗಳನ್ನು ಒಪ್ಪಿಸಿ ಬಂದವರು ಊಟಕ್ಕೆ ಏಳಲಿಲ್ಲ, ಹಸಿವಿಲ್ಲ ಎಂದರು. ರಾತ್ರಿಯೂ ಅದೇ ಮಾತು. ಮಾರನೆಯ ಬೆಳಿಗ್ಗೆಯೂ ಬರಿಯ ನೀರು ಕುಡಿದಾಗ ಮಗನಿಗೆ ಅರ್ಥವಾಯಿತು. ಅವನು ನಗುವುದನ್ನು ಬಿಟ್ಟ.

"ಶುಗರ್ ಇಳದು ಬಿದ್ದಿ ಅಂದ್ರ ನಿನಗ್ಯಾರ್ ಪದಕಾ ಕೊಡ್ತಾರ ಬೇ?"

"ಅವು ಹಸದು ಕುಂತಾವ. ನಾ ಹೆಂಗ ಉಣ್ಣಲಿ?"

ಅಂದೇ ಮಧ್ಯಾಹ್ನ ಮೂರಕ್ಕೆ ಟಿವಿಯಲ್ಲಿ ಸಮಾರಂಭ. ಶರಣಬಸವ ಕೆಲಸ ಬಿಟ್ಟು ಬಂದು ತಾಯಿಯ ಪಕ್ಕ ಕೂತಿದ್ದ. ಸಭಾಪತಿ ಒಂದೊಂದೇ ಪದಕವನ್ನು ಎತ್ತಿ ಕೊರಳಿಗೆ ಹಾಕುತ್ತಿದ್ದರೆ ಎಲ್ಲರೂ ಗಗನಯಾತ್ರಿಗಳ ಮುಖ ನೋಡುತ್ತಿದ್ದರು. ಗುರುದೇವಕ್ಕ ಮಾತ್ರ ಖಾಲಿಯಾದ ಮೆತ್ತೆಯನ್ನು. ನಾಲ್ಕನೆಯದೂ ಹಗುರವಾದ ಮೇಲೆ, "ಮುಗೀತು ಅವುಗಳ ಕೆಲಸ" ಎಂದು ಎದ್ದು ಒಳಗೆ ಹೋಗಿ, ನಿಂತೇ, ತಣ್ಣನೆಯ ರೊಟ್ಟಿ ಮುರಿದರು. ಮಗ ಹಿಂದೆಯೇ ಹೋಗಿ ಮೊಸರು ಬಡಿಸಿದ.

ದೂರ ಹೋಗಿಬಂದವರನ್ನು ನಾಡು ಕರೆದು ಗೌರವಿಸುತ್ತದೆ, ಅದು ಸರಿಯೇ. ಕೂತಲ್ಲೇ ಕೂತು ವಸ್ತುಗಳನ್ನು ಮಾಡಿಕೊಡುವವರಲ್ಲಿಯೂ, ಕೊಟ್ಟ ಮೇಲೂ ಅವುಗಳ ಹೊಟ್ಟೆಬಟ್ಟೆಯ ಚಿಂತೆ ತಮ್ಮದೆಂದುಕೊಳ್ಳುವ ಕೆಲವರಿದ್ದಾರೆ. ಬಿಟ್ಟುಕೊಡು ಎಂದರೆ ಅವರು ವಾದಿಸದೆ ಬಿಟ್ಟುಕೊಡುತ್ತಾರೆ; ಆಮೇಲೆ ಆ ಕೊರತೆಯನ್ನು ಯಾರಿಗೂ ಹೇಳದೆ ತಮ್ಮ ಮೈಯಲ್ಲೇ ತುಂಬಿಕೊಡುತ್ತಾರೆ.