ಅಗಲ ಪಾದದ ಅಳತೆ

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಒಂದೇ. ಅದರ ಮುಂದೆ ನಿಲ್ಲುವ ಹೆಂಗಸನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಹೊಲಿಯುವವರು ಕೂತು ಹೊಲಿಯಬಹುದು, ಕತ್ತರಿಸುವವರು ಕೂರುವಂತಿಲ್ಲ. ತೋಳು ಚಾಚಿ, ಹಾಸಿದ ಬಟ್ಟೆಯ ಇಡೀ ಥಾನಿನ ಮೇಲೆ ಕಣ್ಣಾಡಿಸಬೇಕು. ಅಕ್ಕನಿಗೆ ಆ ಜಾಗವೆಂದರೆ ಪ್ರಾಣ.

ಆದರೆ ಕೆಲವು ವರ್ಷಗಳಿಂದ ಕಾಲೇ ಕೈಕೊಡುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಬಲಗಾಲಿನ ಕಿರುಬೆರಳು ಕೆಂಡದಂತೆ ಉರಿಯುತ್ತಿತ್ತು. ಅದನ್ನು ಉಳಿಸಲು ಎಡಗಾಲಿಗೆ ಭಾರ ಹಾಕುವಳು. ಎಡಗಾಲು ಸೋತರೆ ಸೊಂಟ ಹೊರಬೇಕು, ಸೊಂಟ ಸೋತರೆ ಹೆಗಲು. ಹೀಗೆ ಕಿರುಬೆರಳ ಕಷ್ಟ ಕತ್ತಿನವರೆಗೆ ಏರಿ ಕೂತಿತ್ತು. ಯಜಮಾನರು ಎಷ್ಟೋ ದಿನ ಕಂಡೂ ಕಾಣದಂತಿದ್ದರು. ಕೊನೆಗೆ ಬಾಯಿಬಿಟ್ಟರು.

"ನಿನ್ನ ಕೈ ಮೇಲೆ ನನಗೆ ಅನುಮಾನ ಇಲ್ಲಮ್ಮ. ಆದ್ರೆ ನಿಂತ್ಕೊಳ್ಳೋಕೇ ಆಗ್ದಿದ್ರೆ ಹೇಗೆ? ಮುಂದಿನ ತಿಂಗಳಿಂದ ಗುಂಡಿ ಹಾಕೋ ಕಡೆ ಕೂತ್ಕೋ. ಮೇಜಿಗೆ ಬೇರೆಯವರನ್ನ ನೋಡ್ತೀನಿ."

ಅಕ್ಕ ಕೈಲಿದ್ದ ಕತ್ತರಿ ಕೆಳಗಿಟ್ಟಳು. ಅಲ್ಲೇ ಮಿಷನ್ನಿನ ಮುಂದೆ ಕೂತಿದ್ದ ಅವಳ ನಾದಿನಿ ಸಮಾಧಾನ ಮಾಡಲು ಹೋದಳು. "ಬನ್ನಿ ಅತ್ತಿಗೆ, ನಮ್ಮ ಕಡೆ ಮಾತಿಗೇನೂ ಬರ ಇಲ್ಲ."

"ನಿಮ್ಮ ಮಾತು ಇಲ್ಲಿಗೂ ಕೇಳುತ್ತೆ ಬಿಡು," ಎಂದಳು ಅಕ್ಕ.

ಅಂದು ಸಂಜೆ ಬೀದಿಯ ಮೂಲೆಯಲ್ಲಿ ಮೆಟ್ಟು ಹೊಲಿಯುವವನ ಹತ್ತಿರ ಹೋದಳು. ಅವಳ ಪಾದ ಹಿಮ್ಮಡಿಯಲ್ಲಿ ಸಣ್ಣ, ಮುಂದೆ ಮೊರದಂತೆ ಅಗಲ. ತವರಿನಲ್ಲಿ ಅಣ್ಣಂದಿರು ಬಾತುಕೋಳಿ ಎಂದು ಆಡಿಕೊಂಡು ನಗುತ್ತಿದ್ದರು. ಆ ನಗು ಎಂಥದೋ, ಇಷ್ಟು ವಯಸ್ಸಾದರೂ ಅವಳು ಯಾರೆದುರೂ ಬರಿಗಾಲು ಚಾಚಿದವಳಲ್ಲ. ಕಿರಿದಾದ ಮೆಟ್ಟಿನಲ್ಲೇ ಕಾಲು ತುರುಕಿ ದಿನ ನೂಕಿದ್ದಳು. ಅವನು ಕಾಗದ ಹಾಸಿ ಅದರ ಮೇಲೆ ನಿಲ್ಲಿ ಎಂದರೆ, ಇವಳು ಕೂತೇ ಕಾಲಿಟ್ಟಳು. ಬೆರಳುಗಳನ್ನು ಒತ್ತಾಗಿ ಒಟ್ಟುಮಾಡಿ ಹಿಡಿದಳು. ಅವನು ಗೆರೆ ಎಳೆದು, "ಪುಟ್ಟ ಪಾದ ಅಕ್ಕ" ಎಂದಾಗ ಒಳಗೊಳಗೇ ಹಿಗ್ಗಿದಳು.

ಹಿಗ್ಗು ಬಹಳ ದಿನ ಬಾಳಲಿಲ್ಲ. ಹೊಸ ಮೆಟ್ಟೂ ಅದೇ ಜಾಗದಲ್ಲಿ ಕಚ್ಚಿತು. ಜಗಳಕ್ಕೇ ಹೋದಳು.

"ಏನಪ್ಪಾ ಇದು, ದುಡ್ಡು ಕೊಟ್ಟು ನೋವು ಕೊಂಡ ಹಾಗಾಯ್ತಲ್ಲ?"

ಅವನು ಕಾಗದ ತೆಗೆದು ಅವಳ ಕಾಲಿನ ಪಕ್ಕ ಹಿಡಿದ. "ಈ ಕಾಗದದ ಕಾಲಿಗೆ ಹೊಲ್ದಿದೀನಿ ಅಕ್ಕ. ಆ ಕಾಲನ್ನ ಎಲ್ಲಿ ಬಿಟ್ಟು ಬಂದ್ರಿ?"

ಅಕ್ಕ ಅದೇ ಮೆಟ್ಟು ಮೆಟ್ಟಿಕೊಂಡು ಎದ್ದು ಬಂದಳು. ಮರುದಿನ ಅಂಗಡಿಗೆ ಒಬ್ಬ ದಪ್ಪನೆಯ ಮನುಷ್ಯ ಪ್ಯಾಂಟಿನ ಅಳತೆಗೆ ಬಂದ. ಟೇಪು ಸೊಂಟಕ್ಕೆ ಸುತ್ತಿದ್ದೇ ತಡ, ಉಸಿರು ಎಳೆದು ಹೊಟ್ಟೆ ಒಳಗೆ ಹಾಕಿದ. ಇಂಥವರು ಅಕ್ಕನಿಗೆ ಹೊಸಬರಲ್ಲ.

"ಉಸಿರು ಬಿಡಿ ಅಣ್ಣ. ಹೊಟ್ಟೆ ನಿಮ್ದೇ, ನಾನೇನು ಕಿತ್ಕೊಳ್ಳಲ್ಲ. ಈಗ ಸುಳ್ಳು ಅಳತೆ ಕೊಟ್ರೆ ಆಮೇಲೆ ಕೂರೋರು ನೀವು ತಾನೆ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕವಳಿಗೆ ಸಟ್ಟನೆ ಮುಖ ಬಿಸಿಯಾಯಿತು. ಊರಿಗೆಲ್ಲ ಹೇಳುವ ಬುದ್ಧಿ ತನ್ನ ಕಾಲಿಗೆ ಯಾಕೆ ಇಳಿಯಲಿಲ್ಲ?

ಕೆಲಸ ಬಿಟ್ಟವಳೇ ನೇರ ಬೀದಿಯ ಮೂಲೆಗೆ ಹೋದಳು. ಈ ಸಲ ಕಾಗದದ ಮೇಲೆ ಎರಡು ಕಾಲನ್ನೂ ಊರಿ, ಮೈಭಾರವೆಲ್ಲ ಬಿಟ್ಟು ನಿಂತಳು. ಬೆರಳುಗಳು ತಮಗೆ ಬೇಕಾದಷ್ಟು ಹರಡಿಕೊಂಡವು.

"ದಿನವೆಲ್ಲ ನಿಂತು ಕಾಲು ಊದಿದೆ ಅಲ್ವಾ, ಅಳತೆಗೆ ಇದೇ ಒಳ್ಳೇ ಹೊತ್ತು," ಎಂದ ಅವನು. "ಬಲಗಾಲು ಒಂಚೂರು ಹೆಚ್ಚು ಅಗಲ."

"ಇರ್ಲಿ. ಎರಡು ಹೆಗಲೂ ಸಮ ಇರೋ ಗಿರಾಕಿ ನನಗೂ ಸಿಕ್ಕಿಲ್ಲ."

ಮೆಟ್ಟು ಬಂತು. ಮುಂದೆ ಅಗಲ, ಅಂಗಾಲಿಗೆ ಮೆತ್ತಗೆ. ನಾದಿನಿ ಕಣ್ಣರಳಿಸಿದಳು. "ದೋಣಿ ತಗೊಂಡ್ರಾ ಅತ್ತಿಗೆ?"

"ಹೂಂ ಕಣೆ. ಹುಟ್ಟು ಕೊಟ್ಟಿಲ್ಲ, ನೀನೇ ಹಿಂದಿನಿಂದ ನೂಕು."

ಕಿರುಬೆರಳು ಉರಿಯಲಿಲ್ಲ. ಭಾರ ಎರಡು ಕಾಲಿಗೂ ಹಂಚಿಹೋಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಆದರೆ ಆ ದಿನ ಕತ್ತರಿಸಿದ ಅಂಗಿಯ ಮೊದಲ ತೋಳೇ ಬೆರಳಗಲ ಓರೆಯಾಗಿ ಬಂತು. ಎರಡನೆಯದೂ ಹಾಗೇ. ಯಜಮಾನರು ತುಂಡುಗಳನ್ನು ಜೋಡಿಸಿ ನೋಡಿ, ಪಕ್ಕಕ್ಕೆ ಇಟ್ಟರು. ಬೈದಿದ್ದರೇ ವಾಸಿಯಿತ್ತು.

"ಹಳೇದನ್ನೇ ಹಾಕ್ಕೊಂಡ್ಬಿಡಿ ಅತ್ತಿಗೆ," ನಾದಿನಿ ಪಿಸುಗುಟ್ಟಿದಳು. "ಕಾಲು ಹೇಗಾದ್ರೂ ಇರ್ಲಿ, ಜಾಗ ಉಳಿಯುತ್ತೆ."

ಅಕ್ಕ ಚೀಲದಿಂದ ಹಳೆಯ ಜೊತೆ ತೆಗೆದು ಮೆಟ್ಟಿದಳು. ಮೈ ತಾನಾಗಿ ಎಡಕ್ಕೆ ವಾಲಿತು, ಗೆರೆ ಕಣ್ಣಿಗೆ ನೇರವಾಗಿ ನಿಂತಿತು. ಆಗ ಅವಳಿಗೆ ಹೊಳೆಯಿತು. ವರ್ಷಗಟ್ಟಲೆ ವಾಲಿ ವಾಲಿ, ಕಣ್ಣೂ ಕೈಯೂ ಆ ಓರೆಗೇ ಪಳಗಿಬಿಟ್ಟಿದ್ದವು. ನೆಟ್ಟಗೆ ನಿಂತರೆ ಮೇಜು ತಗ್ಗು, ಗೆರೆ ದೂರ. ಅವಳು ಹಳೆಯದನ್ನು ಕಳಚಿ ಯಜಮಾನರ ಹತ್ತಿರ ಹೋದಳು.

"ಮೇಜು ಒಂದಿಷ್ಟು ಎತ್ತರ ಮಾಡಿಸ್ಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

"ನೆಲ ಡೊಂಕಲ್ಲ ಯಜಮಾನ್ರೇ, ಡೊಂಕಾಗಿದ್ದೋಳು ನಾನು. ಆಗ ಈ ಎತ್ತರ ಸರಿಹೋಗ್ತಿತ್ತು. ತಿಂಗಳು ಮುಗಿಯೋವರೆಗೆ ಹರಕು ಬಟ್ಟೆ ಮೇಲೆ ಕೈ ತಿದ್ಕೊಳ್ತೀನಿ. ಆಗ್ಲೂ ಓರೆ ಬಂದ್ರೆ ನಾನೇ ಗುಂಡಿ ಹಾಕೋ ಕಡೆ ಹೋಗಿ ಕೂರ್ತೀನಿ."

ಯಜಮಾನರು ಮೇಜಿನ ಮುಂದೆ ತಾವೇ ಒಂದು ಗಳಿಗೆ ನಿಂತು, ಬಾಗಿ, ಸೊಂಟ ಹಿಡಿದುಕೊಂಡರು. ಮಾರನೆಯ ದಿನ ಮೇಜಿನ ನಾಲ್ಕೂ ಕಾಲುಗಳ ಕೆಳಗೆ ಮರದ ತುಂಡುಗಳು ಬಂದಿದ್ದವು.

ಅಕ್ಕ ಹೊಸಬಳಂತೆ ಕಲಿತಳು. ಕೈ ಹಳೆಯ ದಾರಿ ಹಿಡಿದಾಗಲೆಲ್ಲ ನಿಲ್ಲಿಸಿ, ಎರಡೂ ಪಾದ ನೆಲಕ್ಕೆ ತಾಗಿವೆಯೇ ಎಂದು ಬೆರಳಾಡಿಸಿ ನೋಡಿ, ಮತ್ತೆ ಗೆರೆ ಎಳೆದಳು. ತಿಂಗಳ ಕೊನೆಯಲ್ಲಿ ಯಜಮಾನರು ಒಳ್ಳೆಯ ಬಟ್ಟೆ ತಂದು ಮುಂದಿಟ್ಟರು. ಅವಳು ಕತ್ತರಿಸಿದಳು. ಎರಡು ತೋಳನ್ನೂ ಒಂದರ ಮೇಲೊಂದಿಟ್ಟು ಅವರು ಅಂಚಿನುದ್ದಕ್ಕೂ ಬೆರಳು ಹಾಯಿಸಿದರು. ಮತ್ತೊಮ್ಮೆ ಹಾಯಿಸಿದರು. ಆಮೇಲೆ ನಾದಿನಿಯ ಮಿಷನ್ನಿನ ಮೇಲೆ ಇಟ್ಟು, "ಹೊಲಿ" ಎಂದರು.

ಮಿಷನ್ ಸದ್ದು ಮಾಡತೊಡಗಿತು. ಅಕ್ಕ ಮುಂದಿನ ಥಾನನ್ನು ಬಿಚ್ಚಿ ಹಾಸಿದಳು.