ಕೋಲಣ್ಣನ ಎಡಗಾಲು

“ಪ್ಯಾಂಟ್ ಬಿಚ್ಚೋ ಪೊರಕೆ. ಮದುಮಗಳ ಥರ ನಾಚ್ಕೊಂಡು ನಿಂತಿದೀಯಲ್ಲ! ನಿನ್ನ ಮಂಡಿ ಬಿಟ್ಟು ಬೇರೇನೂ ನೋಡೋ ಆಸೆ ನಂಗಿಲ್ಲ.”

ಕ್ಲಬ್ಬಿನ ಡಾಕ್ಟರು ಸಿರಿಂಜಿನಿಂದ ಗಾಳಿ ಬಿಡುತ್ತಾ ಹೇಳಿದ. ಸುತ್ತ ಕೂತು ಬೂಟಿನ ದಾರ ಬಿಗಿಯುತ್ತಿದ್ದವರು ಕಿಸಕ್ಕೆಂದರು. ನಾನು ಬೆಂಚಿನ ಮೇಲೆ ಬಲಗಾಲು ಚಾಚಿದೆ. ಮಂಡಿ ಊದಿಕೊಂಡು ಎಲ್ಲಿ ಮೂಳೆ, ಎಲ್ಲಿ ಮಾಂಸ ಎಂದು ನನಗೇ ತಿಳಿಯುತ್ತಿರಲಿಲ್ಲ. ಡಾಕ್ಟರು ಹೆಬ್ಬೆರಳಿನಿಂದ ಒತ್ತಿ ಜಾಗ ಹುಡುಕಿ ಸೂಜಿ ಇಳಿಸಿದ. ನಾನು ಬೈದೆ. ಅವನೂ ಬೈದ. ಸ್ವಲ್ಪ ಹೊತ್ತಿಗೆ ಮಂಡಿ ಮರಗಟ್ಟಿ ನನ್ನದಲ್ಲದ ಹಾಗಾಯಿತು, ಎದ್ದು ಮೈದಾನಕ್ಕೆ ಓಡಿದೆ. ಎರಡು ಸೀಸನ್‌ನಿಂದ ಪ್ರತಿ ಆಟಕ್ಕೂ ಇದೇ ಪಾಡು.

ಪೊರಕೆ ನನ್ನ ಹೆಸರಲ್ಲ. ಅಮ್ಮ ಈ ಕ್ರೀಡಾಂಗಣದ ಮೆಟ್ಟಿಲು ಗುಡಿಸುತ್ತಾಳೆ. ಜನ ಎದ್ದುಹೋದ ಮೇಲೆ ಅವರ ಸಿಪ್ಪೆ, ಉಗುಳು, ಕಾಗದದ ಲೋಟ ಎಲ್ಲ ಬಾಚುವವಳು ಅವಳೇ. ನಾನು ಹಿಂದಿನ ಬಯಲಿನಲ್ಲಿ ಬರಿಗಾಲಲ್ಲಿ ಆಡುತ್ತಿದ್ದವನು. ಕ್ಲಬ್ಬಿಗೆ ಸೇರಿಸಿಕೊಂಡ ದಿನ ಗೋಲು ಹೊಡೆಯುವ ಜಾಗ ಕೇಳಿದೆ. “ಪೋಸ್ಟರ್ ಮಾಡಿ ಗೋಡೆಗೆ ಅಂಟಿಸೋ ಮುಖಾನೇನೋ ನಿಂದು?” ಅಂದ ಕೋಚು. ಕ್ಲಬ್ಬಿನ ಧಣಿ ಪಕ್ಕದಲ್ಲೇ ಇದ್ದ. “ತಾಯಿ ಮೇಲೆ ಗುಡಿಸ್ಲಿ, ಮಗ ಕೆಳಗೆ ಗುಡಿಸ್ಲಿ. ನಡುವೆ ಹಾಕು ಅವನ್ನ,” ಅಂದ. ಅಲ್ಲಿಂದ ನಾನು ಮೈದಾನದ ನಡುವಿನವನು. ಎದುರಿನವರ ಕಾಲಿಂದ ಚೆಂಡು ಕಿತ್ತು ಮುಂದಿನವನಿಗೆ ಕೊಡಬೇಕು, ಮತ್ತೆ ಹಿಂದಕ್ಕೆ ಓಡಬೇಕು, ಮತ್ತೆ ಕಿತ್ತು ಕೊಡಬೇಕು. ಗೋಲು ಹೊಡೆದವನನ್ನು ಉಳಿದವರು ಹೆಗಲ ಮೇಲೆ ಹೊತ್ತು ಕುಣಿಯುವಾಗ ನಾನು ಮಂಡಿ ಹಿಡಿದುಕೊಂಡು ಎಲ್ಲೋ ದೂರದಲ್ಲಿ ಉಸಿರು ಬಿಡುತ್ತಿರುತ್ತೇನೆ. ಹನ್ನೊಂದು ವರ್ಷ ಹೀಗೇ ಸವೆದೆ.

ಆಪರೇಷನ್ ಮಾಡಿಸುತ್ತೇವೆ ಎಂದು ಧಣಿ ಮಾತು ಕೊಟ್ಟಿದ್ದ. ಈ ಸೀಸನ್ ಮುಗೀಲಿ ಅಂದ. ಮುಗಿಯಿತು. ಬರೋ ಸೀಸನ್ ಅಂದ. ಕ್ಲಬ್ಬು ಒಪ್ಪದೆ ಬೇರೆ ಡಾಕ್ಟರು ನಮ್ಮ ಕಾಲು ಮುಟ್ಟುವಂತಿಲ್ಲ, ಹಾಗೆ ಬರೆಸಿಕೊಂಡೇ ಸೇರಿಸಿಕೊಂಡಿದ್ದಾರೆ. ಹಾಗೆ ಸೂಜಿ ಹಾಕಿಸಿಕೊಂಡು ಆಡಿದ ಆ ಆಟದ ಮರುದಿನ ನನಗೆ ಮೆಟ್ಟಿಲು ಇಳಿಯಲಾಗಲಿಲ್ಲ. ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದದ್ದನ್ನು ಅಮ್ಮ ನೋಡಿದಳು. ಪೊರಕೆ ಬಿಸಾಕಿ, ನನ್ನನ್ನು ಎಳೆದುಕೊಂಡು ಧಣಿಯ ಕೋಣೆಗೆ ನಡೆದಳು.

ಅದು ಮೇಲಿನ ಅಂತಸ್ತಿನ ಗಾಜಿನ ಕೋಣೆ. ಅಲ್ಲಿ ಕೂತರೆ ಇಡೀ ಮೈದಾನ ಕಾಣುತ್ತದೆ. ಧಣಿಗೆ ಬಣ್ಣದ ಕಾರ್ಖಾನೆ ಇದೆ. ಫುಟ್ಬಾಲಿನಲ್ಲಿ ಅವನಿಗೆ ಗೊತ್ತಿರುವುದು ಗೆದ್ದವರು ಯಾರು ಎನ್ನುವುದಷ್ಟೇ.

“ಅಲ್ಲೇ ನಿಲ್ಲಮ್ಮ, ಕಾರ್ಪೆಟ್ ತುಳೀಬೇಡ,” ಅಂದ. ಅಮ್ಮ ಚಪ್ಪಲಿ ಹೊರಗೇ ಬಿಟ್ಟಿದ್ದಳು. ಆದರೂ ಬಾಗಿಲ ಹೊಸ್ತಿಲಲ್ಲೇ ನಿಂತಳು.

“ಬುದ್ಧೀ, ಮಗ ನಡೆಯೋಕಾಗ್ದೆ ಒದ್ದಾಡ್ತಿದಾನೆ. ನೀವು ಮಾತು ಕೊಟ್ಟಿದ್ರಿ.”

“ಮಾತು ಕೊಟ್ಟಿದೀನಿ, ಇಲ್ಲ ಅಂದ್ನಾ? ಇವನಿಗೆ ವಯಸ್ಸಾಯ್ತು. ಸವೆದ ಕಾಲಿಗೆ ಹಣ ಸುರಿಯೋದು ದಂಡ ಅಂತ ನಮ್ಮೋರೆಲ್ಲ ಹೇಳ್ತಿದಾರೆ. ಆದ್ರೂ ನಂಗೆ ಕರುಣೆ ಇದೆ.” ಧಣಿ ಕುರ್ಚಿ ನನ್ನ ಕಡೆ ತಿರುಗಿಸಿದ. “ಬರೋ ಭಾನುವಾರ ಗೆದ್ರೆ ಮೇಲಿನ ದರ್ಜೆಗೆ ಹೋಗ್ತೀವಿ. ಎದುರು ತಂಡದಲ್ಲಿ ಆಡೋನು ಒಬ್ಬನೇ, ಆ ಕೋಲಣ್ಣ. ಮುಂಚೆ ನಮ್ಮಲ್ಲೇ ಇದ್ದ ನಾಯಿ. ನೀನು ಅವನ ಜೊತೆ ಒಂದೇ ರೂಮಲ್ಲಿ ಇದ್ದೆಯಲ್ಲ?”

“ಹೌದು.”

“ಅವನ ಯಾವ ಕಾಲು ಕೆಟ್ಟಿರೋದು?”

ನಾನು ಗಾಜಿನಾಚೆಯ ಮೈದಾನ ನೋಡಿದೆ.

“ನಿಂಗೆ ಗೊತ್ತು. ಅರ್ಧ ಆಟದೊಳಗೆ ಅವನು ಸ್ಟ್ರೆಚರ್ ಮೇಲೆ ಇರ್ಬೇಕು. ಸೋಮವಾರ ನಿನ್ನನ್ನ ಆಸ್ಪತ್ರೆಗೆ ಸೇರಿಸ್ತೀನಿ, ನನ್ನ ಕಾರಲ್ಲೇ. ಆಗಲ್ಲ ಅಂದ್ರೆ, ನಿನ್ನಮ್ಮನ ಜೊತೆ ಕೂತು ಕಸ ಆರಿಸ್ಕೊಂಡಿರು. ಕೂತ್ಕೊಂಡು ಮಾಡೋ ಕೆಲಸಕ್ಕೆ ಮಂಡಿ ಬೇಡ.”

ಕೋಲಣ್ಣನದು ಎಡಗಾಲು, ಪಾದದ ಕೀಲು. ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಮೆಟ್ಟಿಲುಗಳ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಾವಿಬ್ಬರೂ ನಾಲ್ಕು ವರ್ಷ ಒಟ್ಟಿಗೆ ಮಲಗಿದ್ದೇವೆ. ಅವನು ಕೋಲಿನಂತೆ ಉದ್ದಕ್ಕಿದ್ದ, ಪಾದಗಳು ಮಂಚದಾಚೆ ಚಾಚಿಕೊಂಡು ಯಾವಾಗಲೂ ನನ್ನ ತಲೆಗೆ ತಾಗುತ್ತಿದ್ದವು. ಕೀಲಿನ ಮೂಳೆ ಬಿರುಕುಬಿಟ್ಟಾಗ ನಲ್ಲಿಯ ಕೆಳಗೆ ಅದನ್ನು ಹಿಡಿದು ಕೂತಿರುತ್ತಿದ್ದವನು ನಾನು. ನನ್ನ ಮಂಡಿಗೆ ಹಳೇ ಬನಿಯನ್ ಹರಿದು ಪಟ್ಟಿ ಸುತ್ತುತ್ತಿದ್ದವನು ಅವನು. ಮೂಳೆ ಕೂಡಿಕೊಳ್ಳುವ ಮೊದಲೇ ಧಣಿ ಅವನನ್ನು ಆ ತಂಡಕ್ಕೆ ಮಾರಿಬಿಟ್ಟ. ಹೊರಡುವ ದಿನ ಕ್ಲಬ್ಬಿನ ಕಡೆಯಿಂದ ಅವನ ಕೈಗೆ ಚೀಲ ಕೊಟ್ಟು ಬಸ್ಸು ಯಾವುದು ಎಂದು ಹೇಳುವವರೂ ಇರಲಿಲ್ಲ.

ನೀರಿನ ತೊಟ್ಟಿಯ ಹತ್ತಿರ ಅಮ್ಮ ಪೊರಕೆ ತೊಳೆಯುತ್ತಾ ಬೆನ್ನು ಹಾಕಿಯೇ ಹೇಳಿದಳು, “ಹೊಡೆದುಬಿಡು.”

“ಅಮ್ಮಾ, ಅವನು ನಿನ್ನ ಕೈ ಊಟ ಉಂಡವನು.”

“ಉಂಡ. ಅದಕ್ಕೇನೀಗ? ನಿನ್ನನ್ನ ಹೆತ್ತಿದೀನಿ, ಅವನನ್ನ ಹೆತ್ತಿಲ್ಲ. ನಾಳೆ ನಾನು ಹೋದ್ಮೇಲೆ ಕುಂಟನಿಗೆ ಯಾರೋ ನೀರು ಕೊಡ್ತಾರೆ? ಆ ಸೂಳೆಮಗ ಕಾರ್ಪೆಟ್ ತುಳೀಬೇಡ ಅಂದಾಗ ನುಂಗ್ಕೊಂಡೆ. ಸುಮ್ಮನೆ ನುಂಗಿದ್ನಾ?”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೊಡೆಯಬೇಕು ಎಂದು ನಾನೂ ಆಗಲೇ ತೀರ್ಮಾನಿಸಿದ್ದೆ. ಆ ವಾರವೆಲ್ಲ ಅಭ್ಯಾಸದಲ್ಲಿ ಕೋಚು ಒಂದು ಹಳೇ ಬೂಟನ್ನು ನೆಲಕ್ಕೆ ನಿಲ್ಲಿಸಿ, ಅದರ ಕೀಲಿನ ಜಾಗಕ್ಕೆ ಜಾರಿ ಒದೆಯುವುದನ್ನು ನನಗೆ ಹೇಳಿಕೊಟ್ಟ. ಚೆಂಡಿಗೆ ಹೊಡೆದಂತೆ ಕಾಣಬೇಕು, ಕಾಲಿಗೆ ಬೀಳಬೇಕು. ಆ ಬೂಟಿಗೆ ಒದ್ದು ಒದ್ದು ನನಗೆ ನನ್ನ ಕಾಲೇ ಅಸಹ್ಯವಾಗಿತ್ತು. ಆದರೂ ಒದ್ದೆ.

ಭಾನುವಾರ ಮೈದಾನ ತುಂಬಿತ್ತು. ಕೋಲಣ್ಣ ದೂರದಿಂದ ಕೈಯೆತ್ತಿದ. ನಾನು ಕಾಲುಚೀಲ ಸರಿಮಾಡಿಕೊಳ್ಳುವವನಂತೆ ತಲೆ ತಗ್ಗಿಸಿದೆ. ಎಡಗಾಲನ್ನು ಇವತ್ತಿಗೂ ಸ್ವಲ್ಪ ಹೊರಕ್ಕೆ ತಿರುಗಿಸಿಯೇ ಊರುತ್ತಿದ್ದ. ಮೊದಲರ್ಧದಲ್ಲಿ ಮೂರು ಸಲ ಅವನು ನನ್ನ ಎಟುಕಿಗೆ ಬಂದ. ಮೂರು ಸಲವೂ ನನ್ನ ಕಾಲು ಚೆಂಡಿಗೇ ಹೋಯಿತು. ಅವನೂ ಏನೋ ಹೆದರಿದವನ ಹಾಗೆ ಆಡುತ್ತಿದ್ದ. ಯಾರೂ ಗೋಲು ಹೊಡೆಯಲಿಲ್ಲ.

ವಿರಾಮದಲ್ಲಿ ಕೋಚು ನನ್ನ ಅಂಗಿ ಹಿಡಿದು ಗೋಡೆಗೆ ಒತ್ತಿದ. “ಯಾಕೋ ಮುಟ್ತಿಲ್ಲ ಅವನ್ನ? ಮದುವೆ ಮಾಡ್ಕೋತೀಯೇನೋ? ಧಣಿ ಮೇಲೆ ಕೂತು ಹಲ್ಲು ಕಡೀತಿದಾರೆ. ಇನ್ನು ಹತ್ತು ನಿಮಿಷ ಕೊಡ್ತೀನಿ. ಆಮೇಲೆ ನೀನೂ ಇಲ್ಲ, ನಿನ್ನ ಆಪರೇಷನ್ನೂ ಇಲ್ಲ.”

ಮತ್ತೆ ಆಟ ಶುರುವಾಯಿತು. ಯಾರೋ ತಪ್ಪಾಗಿ ಒದ್ದ ಚೆಂಡು ಮೈದಾನದ ನಡುವೆ ಬಿತ್ತು. ಈ ಕಡೆಯಿಂದ ನಾನು, ಆ ಕಡೆಯಿಂದ ಕೋಲಣ್ಣ. ಈ ಸಲ ಹೊಡೆಯಲೆಂದೇ ಓಡಿದೆ. ಸೋಮವಾರ, ಆಸ್ಪತ್ರೆ, ಮೆಟ್ಟಿಲು ಇಳಿಯುವ ಕಾಲು ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಅವನ ಎಡಪಾದ ನೆಲಕ್ಕೂರುವುದನ್ನೇ ಕಾಯುತ್ತಾ ಬೂಟು ಎತ್ತಿದೆ. ಎತ್ತುವಾಗ ಅವನ ಮುಖ ನೋಡಿದೆ. ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ. ನಾಲ್ಕು ವರ್ಷ ಅವನ ಜೊತೆ ಆಡಿದ್ದೇನೆ, ಚೆಂಡು ಬಿಟ್ಟು ಆಚೀಚೆ ನೋಡಿದವನಲ್ಲ. ಈಗ ನೇರ ನನ್ನ ಬಲಮಂಡಿ ನೋಡುತ್ತಿದ್ದ, ಅವನ ಬೂಟೂ ಎದ್ದಿತ್ತು.

ನಾನು ಕಾಲು ಮಡಚಿದೆ. ಅವನೂ ಮಡಚಿದ. ಓಡಿಬಂದ ರಭಸಕ್ಕೆ ಎದೆಗೆ ಎದೆ ಗುದ್ದಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ಚೆಂಡು ನನ್ನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತು.

“ನಿಂಗೂ ಹೇಳಿ ಕಳ್ಸಿದಾರಾ?” ಅಂದೆ.

“ಬಲಮಂಡಿ ಮುರಿ ಅಂದ ನಮ್ಮ ಯಜಮಾನ.” ಕೋಲಣ್ಣ ಏದುಸಿರು ಬಿಡುತ್ತಿದ್ದ. “ನಿಂದೇನು? ಎಡಗಾಲು ತಾನೇ?”

“ಹ್ಞೂ. ಏನು ಕೊಡ್ತೀನಿ ಅಂದ ನಿಂಗೆ?”

“ಆಪರೇಷನ್ ಮಾಡಿಸ್ತಾನಂತೆ. ನಿಂಗೆ?”

“ಅದೇ.”

ಅವನು ನನ್ನ ಮುಖ ನೋಡಿದ. ಆಮೇಲೆ ನಗಲು ಶುರುಮಾಡಿದ, ಹುಲ್ಲಿನ ಮೇಲೆ ಹೊರಳಿ ನಕ್ಕ. “ಬೋಳಿಮಕ್ಕಳು! ಇಬ್ಬರಿಗೂ ಒಂದೇ ಆಸ್ಪತ್ರೆ ನೋಡಿರ್ತಾರೆ ನೋಡು, ರಿಯಾಯಿತಿ ಸಿಗತ್ತೆ.” ನನಗೂ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಸೀಟಿ ಊದುತ್ತಾ ರೆಫ್ರಿ ಓಡಿಬಂದು ಏಳಿ ಏಳಿ ಅಂದ.

“ಏಳ್ತೀಯಾ?” ಅಂದ ಕೋಲಣ್ಣ.

“ಎದ್ರೆ ಹೊಡೀಬೇಕಾಗತ್ತೆ.”

“ಹಾಗಾದ್ರೆ ಕೂತ್ಕೋ.”

ಕೂತೆವು. ನಡುವೃತ್ತದಲ್ಲಿ ಎದುರುಬದುರು ಕಾಲು ಚಾಚಿ, ಚೆಂಡನ್ನು ಮಧ್ಯೆ ಇಟ್ಟುಕೊಂಡು ಕೂತೆವು. ರೆಫ್ರಿ ಹಳದಿ ಕಾರ್ಡು ತೋರಿಸಿದ, ಆಮೇಲೆ ಕೆಂಪು ತೋರಿಸಿದ. ಜನ ಬೊಬ್ಬೆ ಹಾಕಿದರು. ನಮ್ಮ ತಂಡದವರು ಬಂದು ರಟ್ಟೆ ಹಿಡಿದು ಎಳೆದರು. “ಮಂಡಿ ಇಲ್ಲ ಕಣ್ರೋ, ಎಳೀಬೇಡಿ,” ಅಂದೆ. ಹಿಂದಿನ ಸಾಲಿನಲ್ಲಿ ಆಡುವ ಗೂನ ಕೈಬಿಟ್ಟ. ಅವನ ಸೊಂಟಕ್ಕೂ ಸೂಜಿ ಬೀಳುತ್ತದೆ. ಸ್ವಲ್ಪ ಹೊತ್ತು ನಿಂತಿದ್ದು, ಅವನೂ ಪಕ್ಕದಲ್ಲಿ ಕೂತ.

ಮೇಲೆ ಗಾಜಿನ ಕೋಣೆ ಖಾಲಿಯಾಯಿತು. ಧಣಿ ಕೆಳಗಿಳಿದು, ಗೆರೆ ದಾಟಿ, ಹುಲ್ಲಿನ ಮೇಲೆ ದಾಪುಗಾಲು ಹಾಕುತ್ತಾ ಬಂದ. ಮುಖ ಕೆಂಪಗಾಗಿತ್ತು. ಅಷ್ಟು ವರ್ಷದಲ್ಲಿ ಆಟ ನಡೆಯುವಾಗ ಅವನು ಈ ಹುಲ್ಲು ತುಳಿದದ್ದನ್ನು ನಾನು ನೋಡಿರಲಿಲ್ಲ.

“ಎದ್ದೇಳೋ ಹಲ್ಕಾ ನನ್ಮಗನೇ! ಯಾರ ಅನ್ನ ತಿಂದು ಯಾರ ಮುಂದೆ ಕೂತಿದೀಯ? ಆಪರೇಷನ್ ಅಲ್ಲ, ಊರುಗೋಲು ಕೂಡ ಸಿಗಲ್ಲ ನಿಂಗೆ! ಸಾಯೋತನಕ ತೆವಳ್ಕೊಂಡಿರು!”

ಅವನು ಹೇಳಿದ್ದು ನಿಜ, ಈ ಕಾಲು ಇನ್ನು ಇಷ್ಟೇ. ಮೇಲಿನ ಮೆಟ್ಟಿಲ ಹತ್ತಿರ ಅಮ್ಮ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಆದರೂ ಏಳಲಿಲ್ಲ.

“ಮೇಲಿನ ದರ್ಜೆಗೆ ಹೋಗ್ಬೇಕೇನು ನಿಂಗೆ?” ಅಂದೆ. “ಇನ್ನೂ ಟೈಮಿದೆ. ನೀನೇ ಆಡು.”

ಕೂತಲ್ಲಿಂದಲೇ ಎಡಗಾಲಿನಲ್ಲಿ ಚೆಂಡನ್ನು ತಳ್ಳಿದೆ. ಹುಲ್ಲಿನ ಮೇಲೆ ಮೆಲ್ಲಗೆ ಉರುಳಿಹೋಗಿ ಅವನ ಹೊಳೆಯುವ ಕರಿ ಬೂಟಿಗೆ ತಾಗಿ ನಿಂತಿತು. ಹನ್ನೊಂದು ವರ್ಷ ಯಾರ್ಯಾರಿಗೋ ಕೊಟ್ಟಿದ್ದೇನೆ, ಇಷ್ಟು ನೇರವಾಗಿ ಯಾರಿಗೂ ಕೊಟ್ಟಿರಲಿಲ್ಲ. ಧಣಿ ಚೆಂಡು ನೋಡಿದ. ಎಡಗಾಲು ಅರ್ಧ ಎತ್ತಿ ಇಳಿಸಿದ. ಬಲಗಾಲು ಎತ್ತಿದ, ಅದನ್ನೂ ಇಳಿಸಿದ. ಬೊಬ್ಬೆ ಹಾಕುತ್ತಿದ್ದ ಜನ ಸುಮ್ಮನಾದರು. ಅಗ್ಗದ ಟಿಕೆಟ್ಟಿನ ಸಾಲಿನಿಂದ ಯಾರೋ ಕೂಗಿದರು, “ಒದಿಯೋ ಧಣೀ!”

ಪಕ್ಕದ ಸಾಲಿನವರು ಅದನ್ನೇ ಕೂಗಿದರು. ಆಮೇಲೆ ಆಚೆ ಬದಿಯವರೂ ಕೂಗತೊಡಗಿದರು. ಧಣಿ ಚೆಂಡಿನ ಮುಂದೆ ಹಾಗೇ ನಿಂತಿದ್ದ.